ಹೆಪ್ಪುಗಟ್ಟುವ ನೆಲದಲ್ಲಿ ಅಸ್ತಿಭಾರ

ಗೃಹನಿರ್ಮಾಣಕ್ಕೆ ಮುಂಚೆ ಭೂಮಿಯನ್ನು ಪರೀಕ್ಷಿಸಬೇಕೆಂಬ ವಿಧಿಯು ಭರತಖಂಡದ ಶಾಸ್ತ್ರಗ್ರಂಥಗಳಲ್ಲಿ ಅತಿ ಪ್ರಾಚೀನಕಾಲದಿಂದಲೂ ಕಂಡುಬರುತ್ತದೆ. ಆಶ್ವಲಾಯನ ಗೃಹ್ಯಸೂತ್ರವು ಇದಕ್ಕೆ ಎರಡು ಪರೀಕ್ಷೆಗಳನ್ನು ಹೇಳಿದೆ. ಮೊಳಕಾಲುದ್ದದ ಗುಣಿಯೊಂದನ್ನು ತೋಡಿ, ತೆಗೆದ ಮಣ್ಣನ್ನೇ ಮರಳಿ ತುಂಬಬೇಕು. ಮಣ್ಣು ಮಿಕ್ಕು ಮೇಲೆ ನಿಂತರೆ ಆ ನೆಲ ಉತ್ತಮ, ಸಮನಾದರೆ ಮಧ್ಯಮ, ಸಾಲದೆ ಹೋದರೆ ತ್ಯಾಜ್ಯ. ಸೂರ್ಯಾಸ್ತವಾದ ಮೇಲೆ ಅದೇ ಗುಣಿಗೆ ನೀರು ತುಂಬಿ ರಾತ್ರಿಯೆಲ್ಲ ಬಿಡಬೇಕು. ಬೆಳಗ್ಗೆ ನೀರು ನಿಂತಿದ್ದರೆ ಉತ್ತಮ, ಕೇವಲ ಒದ್ದೆಯಾಗಿದ್ದರೆ ಮಧ್ಯಮ, ಒಣಗಿದ್ದರೆ ವರ್ಜ್ಯ. ವರಾಹಮಿಹಿರಾಚಾರ್ಯನ ಬೃಹತ್ಸಂಹಿತೆಯಲ್ಲಿಯೂ ಇಂಥವೇ ಪರೀಕ್ಷೆಗಳು ಉಕ್ತವಾಗಿವೆ. ಮೊದಲನೆಯದರಿಂದ ನೆಲದ ಬಿಗುವು ತಿಳಿಯುವುದು. ಎರಡನೆಯದರಿಂದ ಅದು ನೀರನ್ನು ಹೀರುವ ಪರಿ ತಿಳಿಯುವುದು. ಉಪಕರಣಗಳಿಲ್ಲದ ಕಾಲದಲ್ಲಿ ಒಂದು ಗುದ್ದಲಿಯಿಂದಲೂ ಒಂದು ಕೊಡ ನೀರಿನಿಂದಲೂ ಇಷ್ಟನ್ನು ತಿಳಿದುಕೊಂಡವರ ಬುದ್ಧಿಸೂಕ್ಷ್ಮತೆಯು ಶ್ಲಾಘನೀಯವೇ ಸರಿ.

ಆದರೆ ಇದೇ ಪರೀಕ್ಷೆಯನ್ನು ಸ್ವೀಡನ್ ದೇಶಕ್ಕೋ ಉತ್ತರ ಅಮೇರಿಕಕ್ಕೋ ಒಯ್ದು, ಬೆಳಗಿನವರೆಗೆ ನೀರು ಹಿಡಿದಿಟ್ಟ ನೆಲವೇ ಉತ್ತಮವೆಂದು ನಂಬಿ ಮನೆ ಕಟ್ಟಿದವನ ಗತಿಯೇನು? ಆ ಮನೆಯ ಗೋಡೆಗಳು ನಾಲ್ಕಾರು ಚಳಿಗಾಲಗಳೊಳಗೆ ಸೀಳಿಹೋಗುವ ಸಂಭವವುಂಟು. ಅಲ್ಲಿ ನೀರನ್ನು ಬಿಡದೆ ಹಿಡಿದಿಡುವ ಸಣ್ಣಕಣದ ಮಣ್ಣೇ ಅಪಾಯಕಾರಿಯಾದುದು. ಸುರಿದ ನೀರನ್ನು ಕ್ಷಣದಲ್ಲಿ ನುಂಗಿಬಿಡುವ ಒರಟು ಗರಸಿನ ನೆಲವೇ ಮನೆಗೆ ಹಿತವಾದುದು. ಶಾಸ್ತ್ರವು ಸುಳ್ಳಾಯಿತೆಂದು ಇದರ ಅರ್ಥವಲ್ಲ. ಅದು ಹುಟ್ಟಿದ ನೆಲಕ್ಕೆ ಅದು ಸಲ್ಲುವುದು. ಬೇರೆ ನೆಲಕ್ಕೆ ಬೇರೆ ಶಾಸ್ತ್ರವು ಬೇಕು. ಶೀತದೇಶದ ಜನರು ತಮ್ಮ ನೆಲದ ಶಾಸ್ತ್ರವನ್ನು ಯಾವ ಬಗೆಯಲ್ಲಿ ಕಂಡುಕೊಂಡರೆಂಬ ಚರಿತ್ರೆಯು ಬಹು ಸ್ವಾರಸ್ಯವಾದುದು. ಅದರ ಕೊನೆಯ ಅಧ್ಯಾಯವಿನ್ನೂ ಮುಗಿದಿಲ್ಲವಾದ ಕಾರಣ ಚಿಂತನೀಯವೂ ಆದುದು.

ನೆಲವು ಅಚಲವೆಂಬುದು ಲೋಕರೂಢಿಯ ಮಾತು. ಧಾರವಾಡ, ಗದಗ, ವಿಜಯಪುರ, ಕಲಬುರಗಿ, ರಾಯಚೂರು ಸೀಮೆಗಳ ಎರೆಭೂಮಿಯನ್ನು ಕಂಡವರು ಮಾತ್ರ ಈ ಮಾತನ್ನು ಒಪ್ಪಲಾರರು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವ ಆ ಕಪ್ಪು ಮಣ್ಣು ಬೇಸಗೆಯಲ್ಲಿ ಕುಗ್ಗಿ, ಕೈ ತೂರುವಷ್ಟು ಅಗಲದ ಬಿರುಕುಗಳನ್ನು ಬಿಡುವುದು. ಅದರ ಮೇಲೆ ಆಳವಿಲ್ಲದ ಅಸ್ತಿಭಾರದಿಂದ ನಿಂತ ಗೋಡೆಯು ವರ್ಷಕ್ಕೊಮ್ಮೆ ಏರಿ ಇಳಿದು ಬಾಯಿಬಿಡುವುದು. ಎರೆಭೂಮಿಯಲ್ಲಿ ಮಳೆಯೂ ಬಿಸಿಲೂ ಮಾಡುವ ಕೆಲಸವನ್ನು ಶೀತದೇಶಗಳಲ್ಲಿ ಚಳಿಯು ಮಾಡುತ್ತದೆ. ಹೇಮಂತ ಶಿಶಿರಗಳಲ್ಲಿ ನೆಲದೊಳಗಿನ ನೀರು ಮೇಲಿನಿಂದ ಕೆಳಕ್ಕೆ ಹೆಪ್ಪುಗಟ್ಟುತ್ತ ಹೋಗುತ್ತದೆ. ನೆಲವು ಮೇಲಕ್ಕೆ ಉಬ್ಬುತ್ತದೆ. ವಸಂತದಲ್ಲಿ ಹೆಪ್ಪು ಕರಗಿ ಅದೇ ನೆಲ ಕೆಸರಾಗಿ ಕುಸಿಯುತ್ತದೆ. ಬೇಲಿಯ ಗೂಟಗಳು ವರ್ಷವರ್ಷಕ್ಕೂ ತಾವಾಗಿಯೇ ಮೇಲೇಳುವುದೂ, ಉತ್ತ ಹೊಲದಲ್ಲಿ ಪ್ರತಿ ವಸಂತಕ್ಕೂ ಹೊಸ ಕಲ್ಲುಗಳು ತಲೆಯೆತ್ತುವುದೂ ಅಲ್ಲಿಯ ರೈತರಿಗೆ ತಲೆಮಾರುಗಳಿಂದ ತಿಳಿದ ಸಂಗತಿಗಳು.

ಇದಕ್ಕೆ ಕಾರಣವೇನೆಂದು ಕೇಳಿದರೆ, ಇಪ್ಪತ್ತನೆಯ ಶತಮಾನದ ಆದಿಯವರೆಗೂ ಸಾಮಾನ್ಯವಾಗಿ ದೊರೆಯುತ್ತಿದ್ದ ಉತ್ತರವು ಇಷ್ಟೇ: ನೀರು ಮಂಜುಗಡ್ಡೆಯಾಗುವಾಗ ಸುಮಾರು ನೂರಕ್ಕೆ ೯ ಪಾಲಿನಷ್ಟು ಹಿಗ್ಗುತ್ತದೆ, ಆದುದರಿಂದ ನೆಲವೂ ಹಿಗ್ಗುತ್ತದೆ. ಈ ಉತ್ತರವು ಸುಲಭವಾದುದು. ಆದರೆ ಲೆಕ್ಕಕ್ಕೆ ನಿಲ್ಲದು. ನೆಲದ ಗಾತ್ರದಲ್ಲಿ ಹತ್ತರಲ್ಲಿ ನಾಲ್ಕು ಪಾಲು ನೀರೇ ಇದ್ದು, ಮೂರು ಅಡಿ ಆಳದವರೆಗೆ ಅದೆಲ್ಲವೂ ಹೆಪ್ಪುಗಟ್ಟಿತೆಂದು ಇಟ್ಟುಕೊಂಡರೂ ನೆಲವು ಏರತಕ್ಕುದು ಒಂದೂಕಾಲು ಅಂಗುಲದಷ್ಟು ಮಾತ್ರ. ಪ್ರತ್ಯಕ್ಷದಲ್ಲಿಯಾದರೋ ರಸ್ತೆಗಳೂ ಮನೆಯ ಮೆಟ್ಟಿಲುಗಳೂ ಇದಕ್ಕಿಂತ ಎಷ್ಟೋ ಹೆಚ್ಚಾಗಿ ಏರುತ್ತಿದ್ದುವು. ಅದೂ ಅಲ್ಲದೆ, ಒಂದೇ ಚಳಿಯಲ್ಲಿ ಒಂದೇ ಊರಿನ ಒಂದು ಮನೆ ಏರಿ, ನೆರೆಯ ಮನೆ ಕದಲದೆ ನಿಲ್ಲುತ್ತಿದ್ದುದಕ್ಕೆ ಆ ಉತ್ತರದಲ್ಲಿ ಸಮಾಧಾನವಿರಲಿಲ್ಲ.

ಈ ತೊಡಕನ್ನು ಬಿಡಿಸಿದವರಲ್ಲಿ ಮುಖ್ಯನಾದವನು ಸ್ಟೀಫನ್ ಟೇಬರ್ ಎಂಬ ಭೂವಿಜ್ಞಾನಿ. ಹೆಚ್ಚು ಚಳಿಯನ್ನೇ ಕಾಣದ ದಕ್ಷಿಣ ಕೆರೊಲೈನ ಸಂಸ್ಥಾನದ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗಿದ್ದುಕೊಂಡೇ ಆತನು ಈ ವಿಷಯದಲ್ಲಿ ಪ್ರಯೋಗಗಳನ್ನು ನಡೆಸಿ, ೧೯೨೯ರಲ್ಲಿಯೂ ೧೯೩೦ರಲ್ಲಿಯೂ ಲೇಖನಗಳನ್ನು ಪ್ರಕಟಿಸಿದನು. ಆತನ ಒಂದು ಪ್ರಯೋಗವು ಅತ್ಯಂತ ಸರಳವೂ ನಿರ್ಣಾಯಕವೂ ಆಗಿದ್ದಿತು. ಬೆಂಜೀನ್ ಎಂಬ ದ್ರವವು ಹೆಪ್ಪುಗಟ್ಟುವಾಗ ನೀರಿನಂತೆ ಹಿಗ್ಗದೆ, ಕುಗ್ಗುತ್ತದೆ. ಟೇಬರನು ಮಣ್ಣಿಗೆ ನೀರಿನ ಬದಲು ಬೆಂಜೀನನ್ನು ಉಣಿಸಿ ಮೇಲಿನಿಂದ ತಂಪುಮಾಡಿದನು. ಮಣ್ಣು ಆಗಲೂ ಉಬ್ಬಿತು! ಕುಗ್ಗುವ ದ್ರವವೂ ನೆಲವನ್ನು ಎತ್ತುವುದಾದರೆ, ಎತ್ತುವ ಶಕ್ತಿಯು ಹಿಗ್ಗುವಿಕೆಯಲ್ಲಿ ಇಲ್ಲವೆಂಬುದು ಸಿದ್ಧವಾಯಿತು.

ಹಾಗಾದರೆ ಅದು ಎಲ್ಲಿದೆ? ದೀಪದ ಬತ್ತಿಯು ಎಣ್ಣೆಯನ್ನು ಮೇಲಕ್ಕೆ ಸೆಳೆಯುವಂತೆ, ಹೆಪ್ಪುಗಟ್ಟುತ್ತಿರುವ ಅಂಚು ಕೆಳಗಿನ ತೇವದ ನೆಲದಿಂದ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಹೀಗೆ ಬಂದ ನೀರು ಅಲ್ಲಿಯೇ ಮಂಜುಗಡ್ಡೆಯ ತೆಳುಪದರವಾಗಿ ಬೆಳೆದು, ತನ್ನ ಮೇಲಿರುವ ಮಣ್ಣನ್ನೂ ಗೋಡೆಯನ್ನೂ ಎತ್ತುತ್ತದೆ. ಪದರದ ಕೆಳಗೆ ಮತ್ತೊಂದು ಪದರ, ಅದರ ಕೆಳಗೆ ಇನ್ನೊಂದು. ಚಳಿ ನಿಂತು, ಕೆಳಗಿನಿಂದ ನೀರು ಬರುತ್ತಿರುವವರೆಗೂ ಇವು ಬೆಳೆಯುತ್ತಲೇ ಇರುತ್ತವೆ. ನೆಲದಲ್ಲಿ ಮೊದಲಿದ್ದ ನೀರಿಗಿಂತ ಕೆಳಗಿನಿಂದ ಹೊಸದಾಗಿ ಬಂದು ಸೇರಿದ ನೀರೇ ಈ ಉಬ್ಬರಕ್ಕೆ ಪ್ರಧಾನಕಾರಣವೆಂಬುದು ಇದರಿಂದ ವ್ಯಕ್ತವಾಯಿತು.

ಈಗ ನೆರೆಹೊರೆಯ ಮನೆಗಳ ಒಗಟೂ ಬಿಡಿಸಿತು. ಮರಳು ಗರಸುಗಳಲ್ಲಿ ಕಣಗಳ ನಡುವಣ ಸಂದು ದೊಡ್ಡದು. ಅಲ್ಲಿ ಸೆಳೆತವೇ ಹುಟ್ಟದು. ಅಪ್ಪಟ ಜೇಡಿಮಣ್ಣಿನಲ್ಲಿ ಸೆಳೆತವು ಪ್ರಬಲವಾದರೂ ಸಂದುಗಳು ಅತಿ ಸೂಕ್ಷ್ಮವಾದುದರಿಂದ ನೀರು ಬಹು ನಿಧಾನವಾಗಿ ಬರುವುದು. ಇವೆರಡರ ನಡುವಣ ಹೂಳುಮಣ್ಣಿನಲ್ಲಿ ಮಾತ್ರ ಸೆಳೆತವೂ ಉಂಟು, ದಾರಿಯೂ ಉಂಟು. ಆದುದರಿಂದ ಅದೇ ಅತಿ ಕೆಟ್ಟುದು. ಆರ್ಥರ್ ಕಾಸಾಗ್ರಾಂಡೆ ಎಂಬ ಮಣ್ಣುಶಾಸ್ತ್ರಜ್ಞನು ೧೯೩೧ರಲ್ಲಿ ಇದಕ್ಕೊಂದು ಅಳತೆಗೋಲನ್ನು ಕೊಟ್ಟನು: ನಾನಾ ಗಾತ್ರದ ಕಣಗಳು ಬೆರೆತ ಮಣ್ಣಿನಲ್ಲಿ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಪಾಲಿಗಿಂತ ಸಣ್ಣ ಕಣಗಳು ನೂರಕ್ಕೆ ೩ರಷ್ಟನ್ನು ಮೀರಿದರೆ ಆ ಮಣ್ಣನ್ನು ನಂಬಬಾರದು. ಸ್ವೀಡನ್ನಿನಲ್ಲಿ ಗುನ್ನಾರ್ ಬೆಸ್ಕೋವ್ ಎಂಬಾತನು ರಸ್ತೆ ರೈಲುದಾರಿಗಳನ್ನು ದೃಷ್ಟಿಯಲ್ಲಿಟ್ಟು ೧೯೩೫ರಲ್ಲಿ ಈ ವಿಷಯದ ದೊಡ್ಡ ಗ್ರಂಥವನ್ನೇ ರಚಿಸಿದನು.

ಒಟ್ಟಿನಲ್ಲಿ, ನೆಲವು ಉಬ್ಬುವುದಕ್ಕೆ ಮೂರು ಕೂಡಬೇಕು: ಚಳಿ, ನೀರು, ಸಣ್ಣಕಣದ ಮಣ್ಣು. ಮೂರರಲ್ಲಿ ಒಂದನ್ನು ಕಳೆದರೂ ಉಬ್ಬರವಿಲ್ಲ. ಶೀತದೇಶದ ಹಳೆಯ ಕೆಲಸಗಾರರು ಕಾರಣವನ್ನರಿಯದೆಯೇ ಮಾಡುತ್ತಿದ್ದುದೆಲ್ಲವೂ ಈ ಸೂತ್ರಕ್ಕೆ ಭಾಷ್ಯದಂತಿರುವುದು. ಚಳಿಯನ್ನು ಕಳೆಯುವ ಉಪಾಯವೆಂದರೆ ಹೆಪ್ಪು ಮುಟ್ಟದ ಆಳಕ್ಕೆ ಅಸ್ತಿಭಾರವನ್ನು ಇಳಿಸುವುದು. ಅಮೇರಿಕದ ಮಿನ್ನೆಸೋಟ ಸಂಸ್ಥಾನದ ಕಟ್ಟಡನಿಯಮವು ದಕ್ಷಿಣಭಾಗದಲ್ಲಿ ೪೨ ಅಂಗುಲವನ್ನೂ ಉತ್ತರಭಾಗದಲ್ಲಿ ೬೦ ಅಂಗುಲವನ್ನೂ ವಿಧಿಸಿರುವುದು ಇದಕ್ಕಾಗಿಯೇ. ನೀರನ್ನು ಕಳೆಯುವ ಉಪಾಯವೆಂದರೆ ಗೋಡೆಯ ಕೆಳಗೆ ಕಾಲುವೆ ತೋಡಿ, ಒಡೆದ ಕಲ್ಲನ್ನು ತುಂಬಿ, ನೀರು ನಿಲ್ಲದೆ ಹರಿದುಹೋಗುವಂತೆ ಮಾಡುವುದು. ಪ್ರಸಿದ್ಧ ವಾಸ್ತುಶಿಲ್ಪಿಯಾದ ಫ್ರಾಂಕ್ ಲಾಯ್ಡ್ ರೈಟ್ ಎಂಬಾತನು ಅಮೇರಿಕದಲ್ಲಿ ಈ ಕ್ರಮವನ್ನು ಬಳಕೆಗೆ ತಂದನು. ಮಣ್ಣನ್ನು ಕಳೆಯುವ ಉಪಾಯವೆಂದರೆ ಹೂಳನ್ನು ತೆಗೆದು ಗರಸನ್ನು ತುಂಬುವುದು. ನಾಲ್ಕನೆಯದಾದ ಇನ್ನೊಂದು ಉಪಾಯವು ಸ್ಕ್ಯಾಂಡಿನೇವಿಯದಲ್ಲಿ ಎರಡನೆಯ ಮಹಾಯುದ್ಧದ ತರುವಾಯ ಬೆಳೆಯಿತು. ಮನೆಯ ಸುತ್ತಲೂ ನೆಲದಡಿಯಲ್ಲಿ ಶಾಖವನ್ನು ಬಿಡದ ಹಲಗೆಗಳನ್ನು ರೆಕ್ಕೆಯಂತೆ ಹಾಸಿದರೆ, ಭೂಗರ್ಭದ ಬಿಸುಪೂ ಮನೆಯೊಳಗಣ ಬೆಂಕಿಯ ಬಿಸುಪೂ ಅಲ್ಲಿಯೇ ಉಳಿದು ಹೆಪ್ಪು ಒಳಗೆ ಸುಳಿಯದು; ಆಗ ಒಂದೂವರೆ ಅಡಿಯ ಅಸ್ತಿಭಾರವೂ ಸಾಕಾಗುವುದು.

ಇಲ್ಲಿಯವರೆಗೆ ಹೇಳಿದುದು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಬೇಸಗೆಯಲ್ಲಿ ಕರಗುವ ನೆಲದ ಮಾತು. ಇದಕ್ಕಿಂತ ಉತ್ತರಕ್ಕೆ ಹೋದರೆ ನ್ಯಾಯವೇ ತಲೆಕೆಳಗಾಗುವುದು. ಸೈಬೀರಿಯ, ಅಲಾಸ್ಕ, ಉತ್ತರ ಕೆನಡಗಳಲ್ಲಿ ನೆಲದ ಮೇಲ್ಪದರ ಮಾತ್ರ ಬೇಸಗೆಯಲ್ಲಿ ಕರಗುವುದು. ಅದರ ಕೆಳಗೆ ಸಾವಿರಾರು ವರ್ಷಗಳಿಂದ ಕರಗದ ಹೆಪ್ಪುನೆಲವು ಹಬ್ಬಿಕೊಂಡಿರುವುದು. ಇದನ್ನು ನಿತ್ಯಹಿಮಭೂಮಿ ಎನ್ನಬಹುದು. ಭೂಮಿಯ ಉತ್ತರಾರ್ಧಗೋಲದ ನೆಲದಲ್ಲಿ ಸುಮಾರು ಕಾಲುಭಾಗವು ಇಂಥ ಪ್ರದೇಶಕ್ಕೆ ಸೇರಿದೆ.

ಈ ನೆಲದ ಆಳವನ್ನು ಲೋಕಕ್ಕೆ ತಿಳಿಸಿದುದು ಒಂದು ಬತ್ತಿದ ಬಾವಿ. ಲೇನಾ ನದಿಯ ತೀರದ ಯಾಕುತ್ಸ್ಕ್ ಪಟ್ಟಣದಲ್ಲಿ ರಷ್ಯನ್ ಅಮೇರಿಕನ್ ಕಂಪೆನಿಯ ಅಧಿಕಾರಿಯಾಗಿದ್ದ ಫ್ಯೋದರ್ ಷೆರ್ಗಿನ್ ಎಂಬಾತನು ೧೮೨೮ರ ಸುಮಾರಿಗೆ ನೀರಿಗಾಗಿ ಬಾವಿಯೊಂದನ್ನು ತೋಡಿಸಲು ಮೊದಲುಮಾಡಿದನು. ಎಷ್ಟು ತೋಡಿದರೂ ಕಲ್ಲಿನಂತೆ ಹೆಪ್ಪುಗಟ್ಟಿದ ಮಣ್ಣೇ ಹೊರತು ನೀರಿನ ಸುಳಿವಿಲ್ಲ. ಬೇರೆಯವನಾಗಿದ್ದರೆ ಕೈಬಿಡುತ್ತಿದ್ದನು. ಷೆರ್ಗಿನನು ೧೮೩೭ರವರೆಗೂ ತೋಡಿಸಿ, ಸುಮಾರು ೧೧೬ ಮೀಟರು, ಎಂದರೆ ೩೮೦ ಅಡಿಗಳ ಆಳಕ್ಕೆ ಇಳಿಸಿದನು. ಆಗಲೂ ಹೆಪ್ಪಿನ ತಳ ಸಿಕ್ಕಲಿಲ್ಲ. ಮುಂದೆ ೧೮೪೪ರಿಂದ ೧೮೪೬ರ ಅವಧಿಯಲ್ಲಿ ಅಲೆಕ್ಸಾಂಡರ್ ಮಿಡ್ಡೆಂಡಾರ್ಫ್ ಎಂಬ ವಿದ್ವಾಂಸನ ಯಾತ್ರೆಯ ಕಾಲದಲ್ಲಿ ಈ ಬಾವಿಯ ನಾನಾ ಆಳಗಳಲ್ಲಿ ಶೀತೋಷ್ಣವನ್ನು ಅಳೆದು ನೋಡಲಾಯಿತು. ತಳದವರೆಗೂ ಅದು ಸೊನ್ನೆಯ ಕೆಳಗೇ ಇದ್ದಿತು. ಅಷ್ಟು ಆಳದ ನೆಲ ಹೆಪ್ಪಾಗಿರುವುದು ಅಸಾಧ್ಯವೆಂದು ಯೂರೋಪಿನ ಪಂಡಿತರಲ್ಲಿ ಹಲವರು ಹಿಡಿದಿದ್ದ ವಾದವು ಅಲ್ಲಿಗೆ ಮುಗಿಯಿತು. ಒಂದು ಕೊಡ ನೀರನ್ನೂ ಕೊಡದ ಆ ಬಾವಿಯು ಒಂದು ಶಾಸ್ತ್ರವನ್ನೇ ಕೊಟ್ಟಿತು.

ಇಂಥ ನೆಲದ ಮೇಲೆ ಮನೆ ಕಟ್ಟಿದರೆ ಶತ್ರುವು ಹೊರಗಣ ಚಳಿಯಲ್ಲ, ಒಳಗಣ ಒಲೆ. ಹೆಪ್ಪುಗಟ್ಟಿರುವವರೆಗೂ ಆ ನೆಲವು ಬಂಡೆಗೆ ಸಮಾನ. ಆದರೆ ಅದರೊಳಗೆ ಮಂಜುಗಡ್ಡೆಯು ಹೇರಳವಾಗಿರುವ ಕಾರಣ ಕರಗಿದೊಡನೆಯೇ ಅಂಬಲಿಯಾಗುವುದು. ಜನವರಿ ತಿಂಗಳ ಸರಾಸರಿ ಚಳಿಯು ಸೊನ್ನೆಯ ಕೆಳಗೆ ೩೫ ಡಿಗ್ರಿ ಸೆಂಟಿಗ್ರೇಡನ್ನು ಮೀರುವ ಯಾಕುತ್ಸ್ಕಿನಲ್ಲಿ ಒಲೆಯಿಲ್ಲದೆ ಬದುಕಿಲ್ಲ; ಒಲೆಯುರಿದರೆ ಮನೆಯ ಕೆಳಗಣ ನೆಲ ಕರಗದೆ ಬಿಡದು. ಆ ಊರಿನ ಹಳೆಯ ಮರದ ಮನೆಗಳು ಒಂದು ಮೂಲೆ ಕುಸಿದು, ಕಿಟಕಿಗಳು ನೆಲವನ್ನು ಮುಟ್ಟುವಂತೆ ವಾಲಿ ನಿಂತುದು ಈ ಕಾರಣದಿಂದಲೇ. ಬದುಕಿಸುವ ಬೆಂಕಿಯೇ ಮನೆಯನ್ನು ಮುಳುಗಿಸುವ ಈ ಧರ್ಮಸಂಕಟವು ಬೇರಾವ ದೇಶದ ಗೃಹಸ್ಥನಿಗೂ ಬಂದಿರಲಾರದು.

ಪರಿಹಾರವನ್ನು ಕಂಡುಕೊಂಡವರು ರಷ್ಯದ ಶಾಸ್ತ್ರಜ್ಞರು. ಮಿಖಾಯಿಲ್ ಸುಮ್ಗಿನ್ ಎಂಬಾತನು ೧೯೨೭ರಲ್ಲಿ ನಿತ್ಯಹಿಮಭೂಮಿಯನ್ನು ಕುರಿತು ಸಮಗ್ರ ಗ್ರಂಥವನ್ನು ಬರೆದನು. ಆತನೂ ನಿಕೊಲಾಯ್ ತ್ಸಿತೋವಿಚ್ ಎಂಬಾತನೂ ಸೇರಿ ೧೯೩೭ರಲ್ಲಿ ಹೆಪ್ಪುನೆಲದ ಬಲಾಬಲಗಳನ್ನು ನಿರೂಪಿಸುವ ಶಾಸ್ತ್ರಕ್ಕೆ ತಳಹದಿಯನ್ನು ಹಾಕಿದರು. ಆ ಸಂಪ್ರದಾಯದಲ್ಲಿ ಎರಡು ಮಾರ್ಗಗಳು ನೆಲೆಗೊಂಡುವು: ನೆಲವನ್ನು ಹೆಪ್ಪಾಗಿಯೇ ಕಾಪಾಡುವುದು ಒಂದು; ಕರಗುವುದನ್ನು ಒಪ್ಪಿಕೊಂಡು ಅದಕ್ಕೆ ತಕ್ಕಂತೆ ಕಟ್ಟುವುದು ಇನ್ನೊಂದು. ಮೊದಲನೆಯದೇ ರಾಜಮಾರ್ಗವಾಯಿತು. ಹೆಪ್ಪುನೆಲದೊಳಗೆ ಆಳವಾದ ರಂಧ್ರಗಳನ್ನು ಕೊರೆದು, ಕಂಬಗಳನ್ನು ಇಳಿಸಿ, ಸುತ್ತಲೂ ಕೆಸರನ್ನು ಹೊಯ್ದರೆ ಆ ಕೆಸರು ಹೆಪ್ಪುಗಟ್ಟಿ ಕಂಬವನ್ನು ಗಾರೆಗಿಂತ ಬಲವಾಗಿ ಹಿಡಿಯುವುದು. ಆ ಕಂಬಗಳ ಮೇಲೆ, ನೆಲದಿಂದ ಮೂರು ನಾಲ್ಕು ಅಡಿಗಳಷ್ಟು ಎತ್ತರದಲ್ಲಿ ಕಟ್ಟಡವು ನಿಲ್ಲುವುದು. ಕೆಳಗಣ ತೆರಪಿನಲ್ಲಿ ಚಳಿಗಾಲದ ಗಾಳಿಯು ಬೀಸುತ್ತ ಮನೆಯ ಬಿಸಿಯನ್ನು ಒಯ್ದು, ನೆಲವನ್ನು ತಂಪಾಗಿಡುವುದು. ಶತ್ರುವಾದ ಚಳಿಯನ್ನೇ ಕಾವಲುಗಾರನನ್ನಾಗಿ ಮಾಡಿಕೊಂಡ ಉಪಾಯವಿದು.

ಈ ಕಂಬಗಳ ಕ್ರಮವು ದೊಡ್ಡ ಪ್ರಮಾಣದಲ್ಲಿ ಸಿದ್ಧಿಗೆ ಬಂದುದು ಧ್ರುವವೃತ್ತದಾಚೆಗಿರುವ ನೊರಿಲ್ಸ್ಕ್ ಎಂಬ ಗಣಿನಗರದಲ್ಲಿ. ಆ ನಗರವನ್ನು ಮೊದಲಲ್ಲಿ ಕಟ್ಟಿದವರು ಬಹುಮಟ್ಟಿಗೆ ಸ್ಟಾಲಿನ್ನನ ಆಳಿಕೆಯ ಬಂದಿಗಳು. ಅವರಲ್ಲೊಬ್ಬನಾಗಿ ಅಲ್ಲಿಗೆ ಬಂದವನು ಕೊರಿಯ ವಂಶದ ಮಿಖಾಯಿಲ್ ಕಿಮ್ ಎಂಬ ಸ್ಥಪತಿ. ಬಂಡೆ ಸಿಗುವವರೆಗೆ ಅಗೆದು ಅಸ್ತಿಭಾರ ಹಾಕುವ ದುಬಾರಿಯೂ ದೀರ್ಘವೂ ಆದ ಪದ್ಧತಿಯನ್ನು ಬಿಟ್ಟು, ಹೆಪ್ಪಿನಲ್ಲಿಯೇ ಕಂಬವನ್ನು ನಿಲ್ಲಿಸಬಹುದೆಂದು ಸಾಧಿಸಿ ತೋರಿಸಿದವರಲ್ಲಿ ಆತನು ಅಗ್ರಗಣ್ಯನು. ಬಂದಿಯಾಗಿ ಬಂದವನಿಗೆ ೧೯೬೬ರಲ್ಲಿ ಲೆನಿನ್ ಪ್ರಶಸ್ತಿಯು ಸಂದಿತು. ತನ್ನ ಸ್ವಾತಂತ್ರ್ಯವನ್ನು ಕಸಿದುಕೊಂಡ ನೆಲದ ಮೇಲೆ ಪರರ ಮನೆಗಳು ಸ್ಥಿರವಾಗಿ ನಿಲ್ಲುವಂತೆ ಮಾಡಿದವನ ಮನಃಸ್ಥಿತಿಯು ಎಂತಹುದಿದ್ದೀತೆಂಬುದನ್ನು ಸಹೃದಯರು ಊಹಿಸಬಹುದು.

ಪರರ ಅನುಭವವನ್ನು ಕೇಳದಿದ್ದರೆ ಆಗುವ ನಷ್ಟಕ್ಕೆ ಅಲಾಸ್ಕದ ಹೆದ್ದಾರಿಯು ನಿದರ್ಶನ. ಯುದ್ಧದ ತುರ್ತಿನಲ್ಲಿ ೧೯೪೨ರಲ್ಲಿ ಅಮೇರಿಕದ ಸೇನೆಯು ಅದನ್ನು ಕಡಿಯಹೊರಟಾಗ, ಬೇರೆಡೆಯ ವಾಡಿಕೆಯಂತೆ ಮೇಲಿನ ಹಾವಸೆಯನ್ನೂ ಗಿಡಗಂಟಿಗಳನ್ನೂ ಕೆತ್ತಿ ತೆಗೆಯಿತು. ನೆಲಕ್ಕೆ ಕಂಬಳಿಯಂತಿದ್ದ ಆ ಹಾವಸೆ ಹೋದೊಡನೆ ಬಿಸಿಲು ಒಳಗಿಳಿದು ದಾರಿಯು ಕೆಸರಿನ ಮಡುವಾಯಿತು. ಯಂತ್ರಗಳೂ ಬಂಡಿಗಳೂ ಹೂತುಹೋದುವು. ಹಾವಸೆಯನ್ನು ಕೆತ್ತದೆ ಅದರ ಮೇಲೆಯೇ ಮರದ ದಿಮ್ಮಿಗಳನ್ನು ಹಾಸಬೇಕೆಂಬುದನ್ನು ಸೈನಿಕರು ಕಷ್ಟಪಟ್ಟು ಕಲಿತರು. ಮಾರನೆಯ ವರ್ಷ, ೧೯೪೩ರಲ್ಲಿ, ಸೈಮನ್ ಮುಲ್ಲರ್ ಎಂಬಾತನು ರಷ್ಯನ್ನರ ಗ್ರಂಥಗಳನ್ನು ಓದಿ, ಅದರ ಸಾರವನ್ನು ಸೇನೆಗಾಗಿ ಇಂಗ್ಲಿಷಿನಲ್ಲಿ ಬರೆದುಕೊಟ್ಟನು. ಆ ಪಾಠವು ವ್ಯರ್ಥವಾಗಲಿಲ್ಲ. ೧೯೭೭ರಲ್ಲಿ ಅಲಾಸ್ಕವನ್ನು ಹಾದುಹೋಗುವ ೮೦೦ ಮೈಲಿಗಳ ಎಣ್ಣೆಯ ಕೊಳಾಯಿಯು ಮುಗಿದಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗವನ್ನು ನೆಲಕ್ಕೆ ಸೋಕದಂತೆ ಸುಮಾರು ೭೮,೦೦೦ ಕಂಬಗಳ ಮೇಲೆ ಎತ್ತಿ ನಿಲ್ಲಿಸಲಾಗಿತ್ತು.

ಇಷ್ಟು ದೂರದ ವಿಷಯದಿಂದ ಕನ್ನಡನಾಡಿಗೇನು ಪ್ರಯೋಜನವೆಂದು ವಾಚಕರು ಕೇಳಬಹುದು. ಎರೆಭೂಮಿಗೆ ಇಂದು ಬಳಕೆಯಲ್ಲಿರುವ ಅಸ್ತಿಭಾರವನ್ನು ನೋಡಿದರೆ ಉತ್ತರವು ತಾನಾಗಿ ದೊರೆಯುವುದು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನ ಸಂಸ್ಥೆಯವರು ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಶೋಧಿಸಿ ಪ್ರಚಾರಕ್ಕೆ ತಂದ ಕ್ರಮದಲ್ಲಿ, ಕಾಂಕ್ರೀಟಿನ ಕಂಬವನ್ನು ಹನ್ನೊಂದು ಹನ್ನೆರಡು ಅಡಿಗಳಷ್ಟು ಕೆಳಕ್ಕೆ, ಎಂದರೆ ಮಳೆಬಿಸಿಲುಗಳ ಆಟವು ಮುಟ್ಟದ ಆಳಕ್ಕೆ ಇಳಿಸುತ್ತಾರೆ. ತಳದಲ್ಲಿ ಅದನ್ನು ಗಡ್ಡೆಯಂತೆ ಉಬ್ಬಿಸುತ್ತಾರೆ. ಗಡ್ಡೆಯ ಅಗಲವು ಕಂಬದ ಅಗಲಕ್ಕೆ ಸಾಮಾನ್ಯವಾಗಿ ಎರಡೂವರೆಪಾಲು. ಮೇಲಿನ ಮಣ್ಣು ಉಬ್ಬಿ ಎಳೆದರೂ ಕಂಬವು ಮೇಲೇಳದಂತೆ ಆ ಗಡ್ಡೆಯು ಹಿಡಿದುಕೊಳ್ಳುವುದು. ಗೋಡೆಯನ್ನು ಹೊರುವ ತೊಲೆಗೂ ನೆಲಕ್ಕೂ ನಡುವೆ ಕೆಲವು ಅಂಗುಲಗಳ ತೆರಪನ್ನು ಬಿಡುತ್ತಾರೆ. ಮಣ್ಣು ತನ್ನಷ್ಟಕ್ಕೆ ತಾನು ಉಬ್ಬಿ ಇಳಿಯಲೆಂದು. ಯಾಕುತ್ಸ್ಕಿನ ತೆರಪು ಗಾಳಿಗೆ, ಎರೆಭೂಮಿಯ ತೆರಪು ಮಣ್ಣಿಗೆ. ಕಾರಣಗಳು ಬೇರೆ, ಆದರೆ ಚಲಿಸುವ ಪದರವನ್ನು ಅದರ ಪಾಡಿಗೆ ಬಿಟ್ಟು, ಚಲಿಸದ ಪದರವನ್ನು ಆಶ್ರಯಿಸಬೇಕೆಂಬ ವಿವೇಕವು ಎರಡು ಕಡೆಯೂ ಒಂದೇ.

ಆದರೆ ಚಲಿಸದ ಪದರವೇ ಚಲಿಸತೊಡಗಿದರೆ? ನಿತ್ಯಹಿಮಭೂಮಿಯ ಪಟ್ಟಣಗಳಿಗೆ ಇಂದು ಒದಗಿರುವ ವಿಪತ್ತು ಇದೇ. ಲೋಕದ ವಾಯುಗುಣವು ಬೆಚ್ಚಗಾಗುತ್ತಿರುವುದರಿಂದ ೨೦೦೭ರಿಂದ ೨೦೧೬ರವರೆಗಿನ ಹತ್ತು ವರ್ಷಗಳಲ್ಲಿ ಹಿಮಭೂಮಿಯ ಉಷ್ಣತೆಯು ಜಗತ್ತಿನಾದ್ಯಂತ ಸರಾಸರಿ ೦.೨೯ ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿತು. ಈ ಸಂಖ್ಯೆಯು ಅಲ್ಪವೆಂದು ತೋರಬಹುದು. ಆದರೆ ಹೆಪ್ಪುನೆಲವು ಕರಗುವುದಕ್ಕೆ ಮೊದಲೇ, ಕೇವಲ ಬೆಚ್ಚಗಾದ ಮಾತ್ರಕ್ಕೇ, ಕಂಬವನ್ನು ಹಿಡಿದ ಹಿಡಿತವನ್ನು ಸಡಿಲಿಸುತ್ತದೆ. ಒಂದು ಕಾಲದ ಚಳಿಯನ್ನು ಅಳೆದು, ಅದಕ್ಕೆ ತಕ್ಕ ಆಳಕ್ಕೆ ನಿಲ್ಲಿಸಿದ ಕಂಬಗಳು ಇಂದಿನ ಚಳಿಗೆ ಸಾಲದಾಗುತ್ತಿವೆ. ೨೦೨೦ರ ಮೇ ೨೯ರಂದು ನೊರಿಲ್ಸ್ಕಿನಲ್ಲಿ ವಿದ್ಯುದಾಗಾರದ ಎಣ್ಣೆಯ ತೊಟ್ಟಿಯೊಂದು ಕುಸಿದು, ಇಪ್ಪತ್ತು ಸಾವಿರ ಟನ್ನುಗಳಿಗೂ ಮಿಕ್ಕ ಡೀಸೆಲ್ ಎಣ್ಣೆಯು ನೆಲಕ್ಕೂ ಹೊಳೆಗಳಿಗೂ ಹರಿಯಿತು. ತೊಟ್ಟಿಯ ಕೆಳಗಣ ಆಧಾರಗಳು ಕುಸಿದುದೇ ಇದಕ್ಕೆ ಕಾರಣವೆಂದೂ, ಹೆಪ್ಪು ಕರಗಿದುದರಿಂದ ಹಾಗಾಯಿತೆಂದೂ ಮೊದಲಲ್ಲಿ ಹೇಳಲಾಯಿತು. ಕಟ್ಟಡದ ಕೆಲಸದಲ್ಲಿಯೂ ಮೇಲ್ವಿಚಾರಣೆಯಲ್ಲಿಯೂ ಲೋಪಗಳಿದ್ದುವೆಂದು ವಿಚಾರಣೆಯಲ್ಲಿ ಹೊರಪಟ್ಟಿತು. ಎರಡೂ ನಿಜವಾಗಿರಬಹುದು. ನೆಲವು ಬದಲಾಗುತ್ತಿರುವ ದೇಶದಲ್ಲಿ ಅದನ್ನು ಗಮನಿಸದಿರುವುದೇ ದೊಡ್ಡ ಲೋಪ.

ಇದಕ್ಕೆ ಪ್ರತೀಕಾರವಿಲ್ಲದಿಲ್ಲ. ನೆಲದೊಳಗೆ ಕೊಳವೆಗಳನ್ನಿಳಿಸಿ ಉಷ್ಣತೆಯನ್ನು ವರ್ಷವರ್ಷವೂ ಅಳೆಯಬಹುದು. ಚಳಿಗಾಲದ ತಂಪನ್ನು ಕೆಳಕ್ಕಿಳಿಸುವ ವಿಶೇಷ ನಳಿಗೆಗಳನ್ನು ಹೂಳಬಹುದು. ಕಟ್ಟಡಗಳ ಕೆಳಗಣ ತೆರಪನ್ನು ಕಸಕಡ್ಡಿಗಳಿಂದಲೂ ಬಿಸಿನೀರಿನ ಸೋರಿಕೆಯಿಂದಲೂ ಕಾಪಾಡಬಹುದು. ಇವೆಲ್ಲವೂ ದೊಡ್ಡ ವೆಚ್ಚದ ಕೆಲಸಗಳು. ಆದರೆ ಅದಕ್ಕಿಂತ ಕಷ್ಟವಾದುದು ಮನಸ್ಸನ್ನು ತಿದ್ದಿಕೊಳ್ಳುವುದು: ಅಸ್ತಿಭಾರವೆಂದರೆ ಒಮ್ಮೆ ಹಾಕಿ ಮರೆತುಬಿಡತಕ್ಕ ವಸ್ತುವೆಂಬ ಭಾವನೆಯನ್ನು ಬಿಡುವುದು.

ಗೃಹ್ಯಸೂತ್ರಕಾರನು ಗುಣಿಗೆ ನೀರು ತುಂಬಿ ಒಂದು ರಾತ್ರಿ ಕಾಯಬೇಕೆಂದನು. ಆ ವಿಧಿಯಲ್ಲಿ ಅಳತೆಯು ದೇಶಕ್ಕೆ ತಕ್ಕಂತೆ ಬದಲಾಗಬಹುದು. ಒಳ್ಳೆಯ ನೆಲದ ಲಕ್ಷಣವೇ ಕೆಟ್ಟ ನೆಲದ ಲಕ್ಷಣವಾಗಿ ತಿರುಗಲೂಬಹುದು. ಬದಲಾಗದೆ ಉಳಿಯುವುದು ಒಂದೇ: ಕಟ್ಟುವವನು ಮೊದಲು ನೆಲದ ಬಳಿ ಕುಳಿತು, ಅದು ಹೇಳುವುದನ್ನು ಕೇಳಲು ಬೆಳಗಿನವರೆಗೆ ಕಾಯಬೇಕೆಂಬುದು. ಯಾಕುತ್ಸ್ಕಿನಲ್ಲಿ ಷೆರ್ಗಿನನ ಬಾವಿಯನ್ನು ಇಂದಿಗೂ ರಕ್ಷಿಸಿಟ್ಟಿದ್ದಾರೆ. ನೀರಿಗಾಗಿ ತೋಡಿದವನಿಗೆ ನೆಲವು ಬೇರೊಂದು ಮಾತನ್ನು ಹೇಳಿತು. ಅವನು ಅದನ್ನು ಕೇಳಲು ಒಂಬತ್ತು ವರ್ಷ ಕಾದನು. ಅವನ ಊರಿನವರು ಇನ್ನು ಮುಂದೆ ಪ್ರತಿ ವರ್ಷವೂ ಕೇಳಬೇಕಾಗಿದೆ.